ಗೇಮ್ ಡಬ್ಬಿಯಲ್ಲಿ ಚೌಕಾಬಾರ

ಮಾರ್ಚ್ 9, ಭಾನುವಾರ

ಅತ್ತೆ ಇವತ್ತು ಬೆಳಗ್ಗೆ ಕೆಂಪಿಯ ಹತ್ತಿರ ನನ್ನನ್ನು ಚೆನ್ನಾಗಿ ಬೈದರು. ಕೆಂಪಿ ನಮ್ಮ ಹಸು. ದೀಪಾವಳಿಯಿಂದ ಈಚೆಗೆ ನನಗೂ ಅತ್ತೆಗೂ ನೇರ ಮಾತಿಲ್ಲ. ಏನಿದ್ದರೂ ಕೆಂಪಿಗೆ ಹೇಳುತ್ತಾರೆ, ನಾನು ಕೇಳಿಸಿಕೊಳ್ಳಬೇಕು. "ನೋಡ್ದಾ ಕೆಂಪಿ, ಟೀಚರಮ್ಮನ ಕಾಫಿಯ? ಮೊಕ ತೊಳ್ಯಾಕೂ ಆಗಕಿಲ್ಲ, ಅಂಗ್ ತಣ್ಗದೆ." ಕೆಂಪಿ ಕಿವಿ ಅಲ್ಲಾಡಿಸಿ ಹೌದು ಎನ್ನುತ್ತಾಳೆ. ಸುನೀತಳ ಮೇಲಿನ, ಅಂದರೆ ನನ್ನ ಮೇಲಿನ, ಚಾಡಿ ಕೇಳದಿದ್ದರೆ ಅವಳಿಗೆ ಹಾಲೇ ಇಳಿಯುವುದಿಲ್ಲ ಎಂದು ನಮ್ಮ ಯಜಮಾನರು ನಗುತ್ತಾರೆ. ಅವರಿಗೇನು, ಒಂದು ಕಡೆ ತಾಯಿ, ಇನ್ನೊಂದು ಕಡೆ ಹೆಂಡತಿ, ನಡುವೆ ಫ್ಯಾಕ್ಟರಿ ಡ್ಯೂಟಿ.

ಎಲ್ಲ ಶುರುವಾದದ್ದು ಒಂದು ಹಿಡಿ ಸ್ಕ್ರೂಗಳಿಂದ. ಹಳೆಯ ಫೋನು, ರೇಡಿಯೊ ಸಿಕ್ಕಿದರೆ ಬಿಚ್ಚಿ ಮತ್ತೆ ಕೂಡಿಸುವುದು ನನ್ನ ಹುಚ್ಚು. ಹಬ್ಬ ಬಂತೆಂದು ಅತ್ತೆ ನನ್ನ ಮೇಜು ಗುಡಿಸಿದರು, ಸ್ಕ್ರೂಗಳೆಲ್ಲ ಕಸದ ಜೊತೆ ತಿಪ್ಪೆ ಸೇರಿದವು. ನಾನು ಕೋಣೆಗೆ ಬೀಗ ಹಾಕಿದೆ. ಮನೆಯೊಳಗಿನ ಬಾಗಿಲಿಗೆ ಬೀಗ ಜಡಿದವಳು ಈ ವಂಶದಲ್ಲೇ ನಾನು ಮೊದಲನೆಯವಳಂತೆ. ಇರಲಿ. ತೆಗೆಯುವುದಿಲ್ಲ.

ಸಂಕ್ರಾಂತಿ ಕಳೆದ ಮೇಲೆ ಅತ್ತೆಗೆ ಲಕ್ವ ಹೊಡೆಯಿತು. ಮಾತು ಉಳಿಯಿತು, ಉಳಿಯದೆ ಇರುತ್ತದೆಯೇ! ಕಾಲೂ ಬಂತು. ಬಲಗೈ ಮಾತ್ರ ಒದ್ದೆ ಬಟ್ಟೆಯ ಹಾಗೆ ಜೋತುಬಿದ್ದಿದೆ. ಬೆರಳಿಗೆ ಕೆಲಸ ಕೊಟ್ಟರೆ ಬರುತ್ತದೆ, ಕೊಡದಿದ್ದರೆ ಹೀಗೇ ಉಳಿದುಬಿಡಬಹುದು ಎಂದು ಫಿಸಿಯೊಥೆರಪಿಯವರು ಹಿಸುಕಲು ಒಂದು ಸ್ಪಂಜಿನ ಚೆಂಡು ಕೊಟ್ಟರು. "ಕೆಂಪಿ, ನಾನೇನ್ ಕೂಸಾ, ಚೆಂಡ್ ಇಡ್ಕಂಡು ಕೂರಾಕೆ?" ಎಂದು ಅತ್ತೆ ಅದನ್ನು ಕರುವಿನ ಮುಂದೆ ಹಾಕಿದರು. ಕರು ಅರ್ಧ ತಿಂದಿತು.

ಆ ಕೈ ಬರಲೇಬೇಕು. ಕೆಂಪಿ ಬೇರೆಯವರ ಕೈಗೆ ಸರಿಯಾಗಿ ಹಾಲು ಬಿಡುವುದಿಲ್ಲ, ನಮ್ಮ ಯಜಮಾನರು ದಿನಾ ಒದೆ ತಿಂದು ಡ್ಯೂಟಿಗೆ ಹೋಗುತ್ತಾರೆ. ನಾನು ನಂಜನಗೂಡಿನ ಶಾಲೆಯಲ್ಲಿ ಕಂಪ್ಯೂಟರ್ ಪಾಠ ಬಿಟ್ಟು, ರಜೆ ಹಾಕಿ, ಇಲ್ಲಿ ಹೆಮ್ಮರಗಾಲದಲ್ಲಿ ಸಗಣಿ ಬಾಚುತ್ತಿದ್ದೇನೆ. ಮೇ 29ಕ್ಕೆ ಶಾಲೆ ಶುರು. ಅಂದು ಬರದಿದ್ದರೆ ಬೇರೆಯವರನ್ನು ನೋಡಿಕೊಳ್ಳುತ್ತೇವೆ ಎಂದು ಹೆಡ್‌ಮಿಸ್ ನಯವಾಗಿಯೇ ಹೇಳಿದ್ದಾರೆ. ಅತ್ತೆಯ ಕೈ ಬಂದರೆ ನಾನು ಬಿಡುಗಡೆ. ಅವರ ಮೇಲಿನ ಪ್ರೀತಿಗೆ ಹೇಳುತ್ತಿಲ್ಲ, ನನ್ನ ಕೆಲಸಕ್ಕಾಗಿ ಹೇಳುತ್ತಿದ್ದೇನೆ. ನನ್ನ ಡೈರಿಯಲ್ಲಿ ನಾನೇ ಯಾಕೆ ಸುಳ್ಳು ಬರೆಯಲಿ?

ಮಾರ್ಚ್ 12, ಬುಧವಾರ

ಸಿಕ್ಕಿತು! ನರಸೀಪುರದ ತವರುಮನೆಯ ಅಟ್ಟದಲ್ಲಿ, ಒಡೆದ ಮಿಕ್ಸಿಯ ಕೆಳಗೆ! ನಾವು ಚಿಕ್ಕವರಿದ್ದಾಗ ಸೋದರಮಾವ ಸಿಂಗಪುರದಿಂದ ತಂದುಕೊಟ್ಟಿದ್ದ ಗೇಮ್‌ಬಾಯ್, ಕೈಯಲ್ಲಿ ಹಿಡಿದು ಆಡುವ ವಿಡಿಯೊ ಗೇಮ್ ಡಬ್ಬಿ. ಅಂಗೈಗಿಂತ ಸ್ವಲ್ಪ ದೊಡ್ಡದು, ನಡುವೆ ಪರದೆ, ಎರಡೂ ಕಡೆ ಗುಂಡಿ, ಮೇಲಿನ ಅಂಚಿನಲ್ಲಿ ತೋರುಬೆರಳಿಗೆ ಇನ್ನೆರಡು. ಇದಕ್ಕಾಗಿ ನಾನೂ ಅಣ್ಣ ಮದನನೂ ಕೂದಲು ಹಿಡಿದು ಹೊಡೆದಾಡಿದ್ದೇವೆ.

"ಸತ್ತು ಯಾವ ಕಾಲ ಆಯ್ತು ಕಣೇ ಅದು. ಸೆಲ್ ಒಡ್ದು ಒಳಗೆಲ್ಲ ಪಾಚಿ ಕಟ್ಟದೆ. ಗುಜರಿಗೆ ಆಕು" ಎಂದ ಮದನ.

"ಗುಜರಿ ಅಂಗಡಿಯೋನಿಗೆ ಕೊಡೋದನ್ನ ತಂಗಿಗೆ ಕೊಡು" ಎಂದು ಕಿತ್ತುಕೊಂಡು ಬಂದೆ.

ವಾಪಸು ಬರುವಾಗ ನಂಜನಗೂಡು ಬಸ್ಸಿನಲ್ಲಿ ಅದನ್ನು ಸುಮ್ಮನೆ ಹಿಡಿದು ಕೂತಿದ್ದೆ. ಬಲಗೈ ಹೆಬ್ಬೆರಳು ಮುಂದಿನ ಗುಂಡಿಯ ಮೇಲೆ, ತೋರುಬೆರಳು ಮೇಲಿನ ಗುಂಡಿಯ ಮೇಲೆ. ಎರಡನ್ನೂ ಒಟ್ಟಿಗೆ ಒತ್ತಿದೆ. ಇನ್ನೊಂದು ಸಲ ಒತ್ತಿದೆ. ಅಯ್ಯೋ! ಇದು ಹಾಲು ಕರೆಯುವ ಹಿಡಿತವಲ್ಲವೇ!

ಆಮೇಲೆ ತಲೆ ಬಸ್ಸಿಗಿಂತ ಜೋರಾಗಿ ಓಡಿತು. ಅತ್ತೆ ಚೆಂಡು ಹಿಸುಕುವುದಿಲ್ಲ. ಆದರೆ ಚೌಕಾಬಾರ? ಲಕ್ವ ಹೊಡೆಯುವವರೆಗೂ ದಿನಾ ಮಧ್ಯಾಹ್ನ ಪಕ್ಕದ ಮನೆಯ ಚಿಕ್ಕಮಾದಮ್ಮನ ಜೊತೆ ಜಗಲಿಯ ಮೇಲೆ ಮನೆ ಬರೆದು ಆಡುತ್ತಿದ್ದರು. ಅವರನ್ನು ಸೋಲಿಸಿದವರು ಬೀದಿಯಲ್ಲೇ ಇಲ್ಲ. ಈಗ ಆ ಜಗಲಿಯತ್ತ ತಿರುಗಿಯೂ ನೋಡುವುದಿಲ್ಲ. ಯಾಕೆಂದರೆ ಎಡಗೈಯಲ್ಲಿ ಕವಡೆ ಬಿಡಬಾರದು, ಬಿಟ್ಟರೆ ಮನೆಗೆ ಆಗುವುದಿಲ್ಲ. ಬಲಗೈ ಏಳುವುದಿಲ್ಲ. ಅಲ್ಲಿಗೆ ಆಟ ಮುಗಿಯಿತು.

ಈ ಡಬ್ಬಿಯೊಳಗೆ ನಾನೇ ಚೌಕಾಬಾರ ಬರೆದು ಕೂರಿಸಿದರೆ? ಬಲಗೈ ಎರಡು ಬೆರಳಲ್ಲಿ ಒತ್ತಿದರೆ ಕವಡೆ ಬೀಳುವ ಹಾಗೆ ಮಾಡಿದರೆ?

ಊಟ ಸೇರುತ್ತಿಲ್ಲ. ಖುಷಿಗೆ.

ಮಾರ್ಚ್ 18, ಮಂಗಳವಾರ

ಬಿಚ್ಚಿದೆ. ಮದನ ಹೇಳಿದ್ದು ಸುಳ್ಳಲ್ಲ, ಸೆಲ್ಲಿನ ತಗಡಿಗೆ ಹಸಿರು ಕಿಲುಬು. ನಿಂಬೆಹಣ್ಣಿನ ರಸದಲ್ಲಿ ಅದ್ದಿ ಹಳೆಯ ಟೂತ್‌ಬ್ರಷ್‌ನಲ್ಲಿ ಉಜ್ಜಿದೆ, ಬೆಳ್ಳಿ ದೀಪದಂತೆ ಹೊಳೆಯಿತು. ಹೊಸ ಸೆಲ್ ಹಾಕಿ ಸ್ವಿಚ್ ಒತ್ತಿದೆ. ದೀಪ ಹತ್ತಿತು! ಒಬ್ಬಳೇ ಕೋಣೆಯಲ್ಲಿ ಕುಣಿದೆ.

ಆದರೆ ಈ ಹಳೆಯ ಪರದೆಗೆ ಒಳಗೆ ಬೆಳಕಿಲ್ಲ. ಬಿಸಿಲಿಗೆ ಹಿಡಿದರಷ್ಟೇ ಕಾಣುತ್ತದೆ. ಅತ್ತೆಯ ಕಣ್ಣಿಗೆ ಇದು ಆಗದು. ಒಳಗೇ ಬೆಳಕಿರುವ ಹೊಸ ಪರದೆ ತರಿಸಿದ್ದೆ. ಕೊರಿಯರಿನವರು ನಮ್ಮೂರಿಗೆ ಬರುವುದಿಲ್ಲ, ನಂಜನಗೂಡಿಗೇ ಹೋಗಿ ತಂದೆ. ಹೊಸದು ಕೂರಲು ಡಬ್ಬಿಯ ಒಳಗಿನ ಪ್ಲಾಸ್ಟಿಕ್ ಅಂಚು ಕೆತ್ತಬೇಕಿತ್ತು, ಕತ್ತರಿಸುತ್ತಾ ಹೆಬ್ಬೆರಳೂ ಸ್ವಲ್ಪ ಕೆತ್ತಿಕೊಂಡೆ. ಒಂದೇ ಒಂದು ತಂತಿ ಬೆಸುಗೆ ಹಾಕುವುದು. ಉಸಿರು ಬಿಗಿಹಿಡಿದು ಹಾಕಿದೆ.

ಬಣ್ಣ ಬಂತು ನೋಡು! ಹೊಸ ಕನ್ನಡಕ ಹಾಕಿಕೊಂಡು ಅಂಗಡಿಯಿಂದ ಹೊರಗೆ ಬಂದ ಹಾಗಾಯಿತು.

ಹೊರಗೆ ಅತ್ತೆ: "ಕೆಂಪಿ, ಒಳ್ಗೆ ಏನೋ ಸುಟ್ ವಾಸ್ನೆ ಬತ್ತಾದೆ. ಬೀಗ ಆಕ್ಕಂಡು ಮನೆ ಉರುಸ್ಬುಟ್ಟಾಳು, ಉಸಾರು."

ಮಾರ್ಚ್ 30, ಭಾನುವಾರ, ಯುಗಾದಿ

ಬೇವುಬೆಲ್ಲ ತಿಂದ ಕೈಯಲ್ಲೇ ಲ್ಯಾಪ್‌ಟಾಪ್ ತೆರೆದೆ. ಕಳೆದ ವಾರವಿಡೀ ಕವಡೆ ಬೀಳುತ್ತಲೇ ಇರಲಿಲ್ಲ. ಬಿದ್ದರೆ ನಾಲ್ಕೂ ಒಂದೇ ಥರ. ಇವತ್ತು ತಪ್ಪು ಸಿಕ್ಕಿತು, ಅದೂ ಒಂದೇ ಸಾಲಿನಲ್ಲಿ! ತಿದ್ದಿ, ಮೆಮೊರಿ ಕಾರ್ಡಿಗೆ ಹಾಕಿ, ಕಾರ್ಡನ್ನು ಡಬ್ಬಿಯ ಬೆನ್ನಿಗೆ ಸಿಕ್ಕಿಸಿ ಒತ್ತಿದೆ. ನಾಲ್ಕು ಪುಟಾಣಿ ಕವಡೆ ಉರುಳಿ ನಾಲ್ಕೂ ಅಂಗಾತ ಬಿದ್ದವು. ಚೌಕ!

ಕನ್ನಡ ಅಕ್ಷರಕ್ಕೆ ಡಬ್ಬಿಯಲ್ಲಿ ಜಾಗವೇ ಇಲ್ಲ. ಗ್ರಾಫ್ ಹಾಳೆಯ ಮೇಲೆ ಚೌಕ ಚೌಕ ತುಂಬಿ ಒಂದೊಂದೇ ಅಕ್ಷರ ಬರೆದೆ. 'ಹಣ್ಣು' ಎಂಬ ಪದಕ್ಕೇ ಅರ್ಧ ದಿನ ಹೋಯಿತು. ಕಾಯಿ ಸುತ್ತು ಮುಗಿಸಿ ನಡುಮನೆಗೆ ಬಂದರೆ ಹಣ್ಣಾಯಿತು ಎನ್ನಬೇಕಲ್ಲ, ಅದಿಲ್ಲದೆ ಎಂಥ ಚೌಕಾಬಾರ? ಆಟದ ನಿಯಮ ಯಾರನ್ನೂ ಕೇಳಬೇಕಾಗಲಿಲ್ಲ. ಅಜ್ಜಿಯ ಮಡಿಲಲ್ಲಿ ಕಲಿತದ್ದು ಬೆರಳ ತುದಿಯಲ್ಲೇ ಇದೆ.

ಏಪ್ರಿಲ್ 5, ಶನಿವಾರ

ಕೊಟ್ಟೆ. ಹೇಗೆ ಕೊಡುವುದೆನ್ನುವುದೇ ದೊಡ್ಡ ಸಂಕಟವಾಗಿತ್ತು, ಮಾತಿಲ್ಲವಲ್ಲ. ಕೊನೆಗೆ ನಾನೂ ಕೊಟ್ಟಿಗೆಗೆ ಹೋಗಿ ಕೆಂಪಿಯ ಎದುರು ನಿಂತೆ.

"ಕೆಂಪಿ, ಈ ಡಬ್ಬೀಲಿ ಚೌಕಾಬಾರ ಇದೆ. ಕವಡೆ ಬಿಡೋದು ಬಲಗೈಯಲ್ಲೇ. ಸುಮ್ನೆ ನಿನ್ ಕಿವಿಗೆ ಹಾಕ್ದೆ ಅಷ್ಟೆ."

ಅತ್ತೆ ಹುಲ್ಲಿನ ಕಂತೆಯ ಮೇಲೆ ಕೂತಿದ್ದರು, ನನ್ನ ಕಡೆ ನೋಡಲಿಲ್ಲ. ಡಬ್ಬಿಯನ್ನು ಗೋದಲಿಯ ಕಟ್ಟೆಯ ಮೇಲಿಟ್ಟು ಬಂದು ಬಾಗಿಲ ಸಂದಿಯಿಂದ ಇಣುಕಿದೆ. ಆಮೇಲೆ ಎಡಗೈಯಲ್ಲಿ ಎತ್ತಿಕೊಂಡರು. ಬಲಗೈಯನ್ನು ಎಡಗೈಯಿಂದಲೇ ಹಿಡಿದು ತಂದು ಗುಂಡಿಯ ಮೇಲೆ ಕೂರಿಸಿದರು. ಮುಖ ಕೆಂಪಾಯಿತು, ಒತ್ತಲಾಗಲಿಲ್ಲ.

"ಕೆಂಪಿ, ಗುಂಡಿ ಕಲ್ಲಂಗ್ ಅದೆ ಅಂತ ಏಳು."

ನಾನು ತಕ್ಷಣ ಒಳಗೆ ತಂದು ಬಿಚ್ಚಿದೆ. ಗುಂಡಿಯ ಕೆಳಗಿನ ರಬ್ಬರ್ ಪ್ಯಾಡಿನ ಅಂಚನ್ನು ಬ್ಲೇಡಿನಲ್ಲಿ ಎಲೆಯಷ್ಟು ತೆಳ್ಳಗೆ ಸವರಿದೆ. ಮೇಲಿನ ಗುಂಡಿಗೂ ಹೂವಿನಷ್ಟು ಮೆತ್ತಗಿನ ಸ್ವಿಚ್ ಬೆಸೆದೆ. ಸಂಜೆ ವಾಪಸು ಇಟ್ಟೆ. ಹತ್ತಾರು ಸಲ ತಪ್ಪಿ, ಒಂದು ಸಲ ಕವಡೆ ಬಿತ್ತು. ಎರಡು. ಅತ್ತೆ ಕವಡೆಗಳನ್ನೇ ನೋಡುತ್ತಾ ಕೂತರು.

ನಾನು ಬಾಗಿಲ ಸಂದಿಯಲ್ಲೇ ಮೆಲ್ಲಗೆ ಚಪ್ಪಾಳೆ ತಟ್ಟಿದೆ, ಕೆಂಪಿಗೆ ಮಾತ್ರ ಕೇಳಿಸಿರಬೇಕು.

ಏಪ್ರಿಲ್ 11, ಶುಕ್ರವಾರ

ಎಲ್ಲ ಹಾಳಾಯಿತು. ನನಗೆ ಸಿಟ್ಟು ತಡೆಯಲಾಗುತ್ತಿಲ್ಲ.

ಐದಾರು ದಿನದಿಂದ ಡಬ್ಬಿಯ ಜೊತೆ ಆಡುತ್ತಲೇ ಇದ್ದರು, ಎಷ್ಟು ಚೆನ್ನಾಗಿ ನಡೆದಿತ್ತು! ಇವತ್ತು ಅವರ ಕಾಯಿ ಹೊರಗಿನ ಸುತ್ತು ಮುಗಿಸಿತು, ಒಳಸುತ್ತಿಗೆ ಹೋಗಬೇಕು. ಡಬ್ಬಿ ಬಿಡಲಿಲ್ಲ. ನಾನು ಬರೆದ ಹಾಗೆ 'ಕಡಿಯದೆ ಒಳಗೆ ಬರುವಂತಿಲ್ಲ' ಎಂದು ತೋರಿಸಿತು. ಎದುರಾಳಿಯ ಒಂದು ಕಾಯಿಯನ್ನಾದರೂ ಕಡಿದು ಹೊರಗೆ ಹಾಕಿದವರಿಗೇ ಒಳಗೆ ದಾರಿ, ನರಸೀಪುರದ ನಮ್ಮ ಮನೆಯಲ್ಲಿ ಹುಟ್ಟಿದಾಗಿನಿಂದ ಅದೇ ಆಟ. ಲೋಕದ ಎಲ್ಲರ ಮನೆಯಲ್ಲೂ ಅದೇ ಎಂದುಕೊಂಡಿದ್ದೆ. ಅತ್ತೆಯ ಮನೆಯಲ್ಲಿ ಆ ಕಟ್ಟಳೆಯೇ ಇಲ್ಲವಂತೆ! ಸುತ್ತು ಮುಗಿದರೆ ಒಳಗೆ, ಅಷ್ಟೇ.

"ಇದ್ಯಾವೂರಾಟ ಕೆಂಪಿ?" ಎಂದು ಕೂಗಿದರು. "ನಮ್ಮನೇಲಿ ಒಳಕ್ಕೋಗಾಕೆ ಯಾರ್ನೂ ಕಡೀಬೇಕಾಗಿಲ್ಲ! ಕ್ವಾಣೆಗ್ ಬೀಗ ಆಕಿದ್ದು ಸಾಲ್ದು ಅಂತ ಆಟಕ್ಕೂ ಬಾಗ್ಲು ಮಡ್ಗವ್ಳೆ ಮಾರಾಯ್ತಿ!"

ನಾನು ಓಡಿಹೋಗಿ ವಿವರಿಸಲು ಬಾಯಿ ತೆರೆಯುವಷ್ಟರಲ್ಲಿ ಅತ್ತೆ ಎದ್ದು ನಿಂತರು. ಎಡಗೈಯಲ್ಲಿ ಕೊಟ್ಟಿಗೆಯ ಕಂಬ ಹಿಡಿದುಕೊಂಡು, ಡಬ್ಬಿಯನ್ನು ಎತ್ತಿ ಬೀಸಿ ಕಲಗಚ್ಚಿನ ಬಾನಿಗೆ ಎಸೆದರು. ಅಕ್ಕಿ ತೊಳೆದ ನೀರು, ಹಿಂಡಿ, ಬಾಳೆಸಿಪ್ಪೆ. ಬುಳುಕ್ ಎಂದಿತು.

ಕೆಂಪಿ ಅದನ್ನು ಮೂಸಿ ನೋಡಿ ನನ್ನ ಮುಖ ನೋಡಿದಳು. ನಾನು ಬಾಗಿಲು ಹಾಕಿಕೊಂಡು ಅತ್ತುಬಿಟ್ಟೆ. ಹಾಳಾಗಿ ಹೋಗಲಿ ಕೈ. ಹಾಳಾಗಿ ಹೋಗಲಿ ಶಾಲೆ.

ಏಪ್ರಿಲ್ 13, ಭಾನುವಾರ

ನಾನೆಂಥ ಪೆದ್ದಿ!

ಡಬ್ಬಿಯನ್ನು ಬಿಚ್ಚಿ ಸ್ಪಿರಿಟ್ಟಿನಲ್ಲಿ ತೊಳೆಯುತ್ತಾ ಕೂತಿದ್ದೆ, ಸ್ಪೀಕರಿನೊಳಗಿಂದ ಅನ್ನದ ಅಗುಳು ಕೀಳುತ್ತಾ. ನಮ್ಮ ಯಜಮಾನರು ಡ್ಯೂಟಿ ಮುಗಿಸಿ ಬಂದು, "ಹೆಂಗೆ ಬಿತ್ತು ಅದು ಬಾನಿಗೆ?" ಎಂದರು. "ನಿಮ್ಮವ್ವ ಎಸೆದ್ರು" ಎಂದೆ. "ಹೆಂಗೆ ಎಸೆದ್ರು?" ಎಂದರು. ನಾನು ಸಿಟ್ಟಿನಲ್ಲೇ ಎದ್ದುನಿಂತು ಮಾಡಿ ತೋರಿಸಿದೆ. ಹೀಗೆ ಎಡಗೈಯಲ್ಲಿ ಕಂಬ ಹಿಡಿದು, ಹೀಗೆ...

ಅಲ್ಲೇ ನಿಂತುಬಿಟ್ಟೆ. ಇವರೂ ನಿಂತುಬಿಟ್ಟರು.

ಎಡಗೈ ಕಂಬದ ಮೇಲಿತ್ತು. ಹಾಗಾದರೆ ಎಸೆದದ್ದು ಬಲಗೈ!

ಕೊಟ್ಟಿಗೆಗೆ ಓಡಿದೆ. ಅತ್ತೆ ಕೆಂಪಿಯ ಬೆನ್ನು ಸವರುತ್ತಿದ್ದರು. "ಅತ್ತೆ, ಬಲಗೈಲಿ ಎಸೆದ್ರಿ! ನೀವು ಬಲಗೈಲಿ ಎಸೆದ್ರಿ!" ಎಂದು ಕೂಗಿದೆ. ಅವರು ತಮ್ಮ ಕೈಯನ್ನೇ ಯಾರದೋ ಕೈ ನೋಡಿದ ಹಾಗೆ ನೋಡಿಕೊಂಡರು. ಆಮೇಲೆ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡರು. ನಗುತ್ತಿದ್ದರೋ ಅಳುತ್ತಿದ್ದರೋ, ನನಗಂತೂ ಎರಡೂ ಬಂತು.

"ಡಬ್ಬಿ ಸತ್ತೋಯ್ತಾ?" ಎಂದರು ಮೆಲ್ಲಗೆ.

"ಬದುಕಿಸ್ತೀನಿ" ಎಂದೆ.

ಬಿಗಿಯಾಗಿ ಕಟ್ಟಿದ ಮುಡಿ ಬಿಚ್ಚಿದ ಹಾಗೆ ನನ್ನ ಮನಸ್ಸು ಸಡಿಲವಾಯಿತು. ಇನ್ನು ಕೆಲಸ ಶುರು.

ಏಪ್ರಿಲ್ 24, ಗುರುವಾರ

ಬದುಕಿತು! ಪರದೆಯ ಬಲ ಅಂಚಿನಲ್ಲಿ ಒಂದು ಗೆರೆ ನಿಂತಿದೆ, ದನಿ ಶೀತವಾದವರ ಹಾಗಾಗಿದೆ, ಉಳಿದದ್ದೆಲ್ಲ ಸರಿ. ಸ್ಪೀಕರ್ ಬದಲಿಸೋಣವೆಂದರೆ ಅತ್ತೆ, "ಇರ್ಲಿ ಬುಡು, ನಮ್ ಚಿಕ್ಕಮಾದಮ್ಮನ್ ಗಂಟ್ಲಂಗೆ ಅದೆ" ಎಂದರು.

ಆಟದಲ್ಲೂ ದೊಡ್ಡ ಬದಲಾವಣೆ. ಶುರುವಿನಲ್ಲೇ 'ಯಾರ ಮನೆ ಆಟ?' ಎಂದು ಕೇಳುತ್ತದೆ. ಮೇಲೆ ಹೆಮ್ಮರಗಾಲ, ಕೆಳಗೆ ನರಸೀಪುರ. ಹೆಮ್ಮರಗಾಲ ಒತ್ತಿದರೆ ಕಡಿಯದೆಯೂ ಒಳಗೆ ಹೋಗಬಹುದು. ಅತ್ತೆ ನರಸೀಪುರದ ಸಾಲನ್ನು ಕಣ್ಣೆತ್ತಿಯೂ ನೋಡುವುದಿಲ್ಲ.

ನಡುವೆ ಇನ್ನೊಂದು ತಕರಾರು. ಡಬ್ಬಿಯ ಜೊತೆ ಆಡುವುದು ಬೇಜಾರಂತೆ. "ಕಡುದ್ರೆ ಒಟ್ಟೆ ಉರ್ಕಳಕಿಲ್ಲ, ಗೆದ್ರೆ ಮೆರ್ಯಕಿಲ್ಲ. ಇದೂ ಒಂದ್ ಜೊತೆನಾ?" ಅದೂ ನಿಜವೇ. ಇಬ್ಬರು ಕೈಯಿಂದ ಕೈಗೆ ದಾಟಿಸಿ ಆಡುವ ಹಾಗೆ ಮತ್ತೆ ಬರೆದೆ. ಚಿಕ್ಕಮಾದಮ್ಮನಿಗೆ ಪರದೆ ನೋಡಿದರೆ ತಲೆ ತಿರುಗುತ್ತದೆ, ಬೇರೆ ಯಾರೂ ಇಲ್ಲ, ಹಾಗಾಗಿ ನಾನೇ ಕೂರುತ್ತೇನೆ. ಪ್ರೋಗ್ರಾಮಿನ ತಪ್ಪು ಹಿಡಿಯಲೂ ಅನುಕೂಲ. ಕೋಣೆಯಲ್ಲಿ ಫ್ಯಾನ್ ಇದೆಯೆಂದು ಅವರ ಕುರ್ಚಿಯನ್ನು ನನ್ನ ಮೇಜಿನ ಪಕ್ಕಕ್ಕೇ ಎಳೆದು ಹಾಕಿದ್ದೇನೆ. ನಾನು ಬಿಚ್ಚಿದ ಸ್ಕ್ರೂಗಳನ್ನು ಅವರು ಅರಿಶಿನದ ಬಟ್ಟಲಲ್ಲಿ ಹಾಕಿಡುತ್ತಾರೆ, ಬಲಗೈಯಲ್ಲೇ ಒಂದೊಂದಾಗಿ ಹೆಕ್ಕಿ. ಒಂದೂ ಕಳೆದಿಲ್ಲ.

ಕರು ಹಿಂಡಿಯ ಪೆಟ್ಟಿಗೆ ತೆಗೆಯಲು ಕಲಿತುಬಿಟ್ಟಿದೆ ಕಳ್ಳಮುಂಡೇದು. ಬೀಗ ಬೇಕಾಗಿತ್ತು, ಕೋಣೆಯದನ್ನೇ ತೆಗೆದು ಅದಕ್ಕೆ ಹಾಕಿದೆ.

ಮೇ 8, ಗುರುವಾರ

ನನ್ನ ಕಳ್ಳಾಟ ಕೇಳಬೇಕು. ವಾರಕ್ಕೊಂದು ಸಲ ಅವ್ವನಿಗೆ ಹೇಳದೆ ಗುಂಡಿಯ ಕೆಳಗಿನ ರಬ್ಬರ್ ಬದಲಿಸುತ್ತಿದ್ದೇನೆ. ಮೊದಲು ತೆಳ್ಳಗಿನದು, ಆಮೇಲೆ ದಪ್ಪ, ಈಗ ಇನ್ನೂ ದಪ್ಪ. ಸ್ವಿಚ್ಚೂ ಗಟ್ಟಿಯದು. ಬೆರಳಿಗೆ ಗೊತ್ತಾಗದ ಹಾಗೆ ಬಲ ಹೆಚ್ಚಬೇಕು. ಇವತ್ತು ಹಾಕಿರುವುದು ಅಂಗಡಿಯಿಂದ ಬಂದಾಗ ಇದ್ದ ಗಡಸು. ಅಂದು ಕಲ್ಲು ಎಂದಿದ್ದರಲ್ಲ, ಅದೇ!

ಅವ್ವ ಒತ್ತಿದರು. ಕವಡೆ ಬಿತ್ತು. ಡಬ್ಬಿಯನ್ನು ತಿರುಗಿಸಿ ನೋಡಿದರು.

"ಯಾಕೋ ಇದು ದಿನೇ ದಿನೇ ಮೊಂಡ್ ಬೀಳ್ತಾದೆ ಕಣವ್ವ."

"ಹಳೇದಲ್ವಾ, ವಯಸ್ಸಾಯ್ತು" ಎಂದೆ.

"ವಯಸ್ಸಾದ್ರೆ ಮೊಂಡ್ ಬೀಳ್ತಾರೆ ಅಂತ ನಂಗೇ ಏಳ್ತೀಯ?" ಎಂದು ನನ್ನ ಕಿವಿ ಹಿಂಡಿದರು. ನೋವಾಯಿತು. ಬಲಗೈಯಲ್ಲಿ ಹಿಂಡಿದ್ದು, ಚೆನ್ನಾಗಿಯೇ ನೋವಾಯಿತು! ಉರಿಯುವ ಕಿವಿ ಹಿಡಿದುಕೊಂಡು ಇವರಿಗೆ ಫೋನ್ ಮಾಡಿ ಹೇಳಿದೆ. ಫ್ಯಾಕ್ಟರಿಯ ಗದ್ದಲದಲ್ಲಿ ಅವರಿಗೆ ಅರ್ಥವೇ ಆಗಲಿಲ್ಲ.

ಮೇ 17, ಶನಿವಾರ

ಅರ್ಧ ಚೊಂಬು!

ಬೆಳಗ್ಗೆ ಅವ್ವ ಹೇಳದೆ ಕೇಳದೆ ಕೆಂಪಿಯ ಪಕ್ಕ ಕುಕ್ಕರುಗಾಲಲ್ಲಿ ಕೂತರು. ನಾನು ಹಿಂದೆಯೇ ನಿಂತೆ, ಬಿದ್ದರೆ ಹಿಡಿಯೋಣವೆಂದು. ಎಡಗೈಯಿಂದ ಶುರು ಮಾಡಿದರು, ಆಮೇಲೆ ಬಲಗೈ. ಮೊದಲು ಏನೂ ಬರಲಿಲ್ಲ. ಹೆಬ್ಬೆರಳು ಮತ್ತು ತೋರುಬೆರಳು ಒಟ್ಟಿಗೆ, ಬಿಟ್ಟು, ಒಟ್ಟಿಗೆ. ಕವಡೆ ಬಿಡುವ ಹಾಗೆಯೇ. ಚೊಂಬಿಗೆ ಚರ್ ಎಂದು ಬಿತ್ತು.

"ಬಾರ!" ಎಂದು ನಾನು ಕೂಗಿದೆ. ಕವಡೆ ನಾಲ್ಕೂ ಬೋರಲು ಬಿದ್ದಾಗ ಕೂಗುವ ಮಾತೇ ಬಾಯಿಗೆ ಬಂತು.

"ಬಾರ ಬಿದ್ರೆ ಇನ್ನೊಂದಾಟ" ಎಂದು ಅವ್ವ ಮತ್ತೆ ಹಿಂಡಿದರು. ಅರ್ಧ ಚೊಂಬಿಗೆ ಕೈ ಸೋತಿತು. ಕೆಂಪಿ ಒಂದೇ ಒಂದು ಸಲವೂ ಕಾಲೆತ್ತಲಿಲ್ಲ. ಆ ಹಾಲನ್ನು ಡೈರಿಗೆ ಹಾಕಲಿಲ್ಲ. ಕಾಫಿ ಮಾಡಿ ಇಬ್ಬರೂ ಕುಡಿದೆವು, ಬಿಸಿಬಿಸಿಯಾಗಿ.

ಹೆಡ್‌ಮಿಸ್ ಫೋನ್ ಮಾಡಿದ್ದರು. ನೋಡಿರಲೇ ಇಲ್ಲ. ನಾಳೆ ಮಾಡಬೇಕು.

ಮೇ 29, ಗುರುವಾರ

ಇವತ್ತಿನಿಂದ ಶಾಲೆ. ಬೆಳಗ್ಗೆ ಅವ್ವನೇ ಹಾಲು ಕರೆದು ಮುಗಿಸಿದ್ದರು, ತುಂಬಿದ ಕ್ಯಾನು ಡೈರಿಗೆ ಹೊರಟಿತ್ತು. ನಾನು ಬ್ಯಾಗ್ ಹಿಡಿದು ಬಸ್ಸಿಗೆ ಓಡುವಾಗ ಬಾಗಿಲಲ್ಲಿ ನಿಂತು ಕೂಗಿದರು:

"ಸುನೀತಾ, ಬಿರ್‌ಬಿರ್ನೆ ಬಾ. ನನ್ ಎಲ್ಡ್ ಕಾಯಿ ಅರ್ಧ ದಾರೀಲಿ ನಿಂತವೆ."

ಕಂಪ್ಯೂಟರ್ ಲ್ಯಾಬಿನಲ್ಲಿ ಧೂಳು, ಇಲಿ, ಮೂರು ಸತ್ತ ಮೌಸು. ಎಷ್ಟು ಕಾದಿದ್ದೆ ಈ ದಿನಕ್ಕೆ. ಆದರೂ ಸಂಜೆ ಬಸ್ಸು ತಡವಾಗಿ ಬಂದದ್ದಕ್ಕೆ ಕಂಡಕ್ಟರಿನ ಮೇಲೆ ರೇಗಿದೆ. ಯಾಕೆ ಅಷ್ಟು ರೇಗಿದೆನೋ.

ಬಂದಾಗ ಅವ್ವ ಸಂಜೆಯ ಹಾಲು ಬೇಗ ಬೇಗ ಕರೆದಿಟ್ಟು, ಕೋಣೆಯಲ್ಲಿ ಡಬ್ಬಿ ಹಿಡಿದು ಕೂತಿದ್ದರು. ನಿಲ್ಲಿಸಿದ್ದ ಆಟ ಮುಗಿಸಿದೆವು, ಅದರಲ್ಲಿ ಗೆದ್ದವಳು ನಾನು! ಹೊಸ ಆಟಕ್ಕೆ 'ಯಾರ ಮನೆ ಆಟ?' ಎಂದು ಬಂತು. ಅವ್ವನ ಬಲ ಹೆಬ್ಬೆರಳು ಆಯ್ಕೆಯನ್ನು ಕೆಳಗಿಳಿಸಿ ನರಸೀಪುರವನ್ನು ಒತ್ತಿತು.

"ಅವ್ವ, ತಪ್ಪಿ ಒತ್ತಿದ್ರಿ."

"ತಪ್ಪಿಲ್ಲ. ಇವತ್ತು ನಿಮ್ಮೂರಾಟನೇ ಆಡಮ, ಬಾ."

ಏನೋ ನನ್ನ ಮೇಲೆ ಕನಿಕರ ಎಂದುಕೊಂಡೆ. ಎಲ್ಲಿಯ ಕನಿಕರ! ಶುರುವಾದ ಕೂಡಲೇ ನನ್ನ ಕಾಯಿ ಕಡಿದರು, ಮತ್ತೆ ಕಡಿದರು, ನಗುತ್ತಾ ಒಳಗೆ ಹೋಗಿ ಒಂದೊಂದನ್ನೇ ಹಣ್ಣು ಮಾಡಿಕೊಂಡರು. ನನ್ನ ತವರಿನ ಆಟದಲ್ಲಿ ನನ್ನನ್ನೇ ಸೋಲಿಸುವುದೆಂದರೆ! ನಾಳೆ ಬಿಡುವುದಿಲ್ಲ. ಕವಡೆ ಉರುಳುವ ಲೆಕ್ಕದಲ್ಲೇ ಏನೋ ತಪ್ಪಿರಬೇಕು, ಅವರಿಗೆ ಇಷ್ಟೊಂದು ಚೌಕ ಬೀಳುವುದು ಸಾಧ್ಯವೇ ಇಲ್ಲ. ಪ್ರೋಗ್ರಾಮ್ ಇನ್ನೊಮ್ಮೆ ನೋಡಬೇಕು.

ಇದನ್ನು ಬರೆಯುವಾಗ ಕೆಂಪಿ ಕೊಟ್ಟಿಗೆಯಲ್ಲಿ ಒಂದೇ ಸಮನೆ ಕೂಗುತ್ತಿದ್ದಾಳೆ. ಹೋಗಿ ನೋಡಿಬಂದೆ. ಹುಲ್ಲಿದೆ, ನೀರಿದೆ, ಕರು ಪಕ್ಕದಲ್ಲೇ ಇದೆ. ನನ್ನ ಮುಖ ನೋಡಿ ಕಿವಿ ನಿಮಿರಿಸಿ ನಿಂತಳು, ಯಾರಾದರೂ ಏನಾದರೂ ಹೇಳಲಿ ಎನ್ನುವ ಹಾಗೆ. ಏನು ಬೇಕೋ, ಗೊತ್ತಾಗಲಿಲ್ಲ.